ಫೋನ್ ಬರಲಿಲ್ಲ ಅಂದರೆ ಕ್ಷೇಮ

ಮಾನ್ಯ ಅರವಿಂದ್ ಅವರಿಗೆ,

ಈ ‘ಮಾನ್ಯ’ ನೋಡಿ ಹಿಗ್ಗಬೇಡಿ. ಹೈದರಾಬಾದಿನ ಅಮೀರ್‌ಪೇಟ್‌ನ ಕೋಚಿಂಗ್ ದಿನಗಳಲ್ಲಿ ನಿಮ್ಮನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಏಕವಚನಕ್ಕೆ ಒಂದಿಷ್ಟು ಪ್ರೀತಿಯಾದರೂ ಬೇಕು, ಅದೀಗ ನನ್ನಲ್ಲಿಲ್ಲ.

ಮೊನ್ನೆ ಹೈಟೆಕ್ ಸಿಟಿಯಲ್ಲಿ ನಿಮ್ಮ ಭಾಷಣ ಕೇಳಿದೆ. ‘ಹಳೆಯದನ್ನು ಕಿತ್ತೆಸೆಯುವ ಧೈರ್ಯ’ ಎಂಬುದು ವಿಷಯ. ನಿಮ್ಮ ‘ಕುಶಲ’ ತಂತ್ರಾಂಶದಿಂದ ಮಿಸ್ಡ್ ಕಾಲ್ ಸೌಲಭ್ಯವನ್ನು ಹೇಗೆ ತೆಗೆದುಹಾಕಿದಿರಿ ಎಂದು ಎದೆಯುಬ್ಬಿಸಿ ಹೇಳಿದಿರಿ. ಅದು ಯಾರೂ ಬಳಸದ, ಸತ್ತ ಕೋಡ್ ಅಂತೆ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದವಳು ನಾನೇ.

ಆ ಕೋಡ್ ಹುಟ್ಟಿದ್ದು ಎಲ್ಲಿ ಎಂದು ಸಭೆಗೆ ನೀವು ಹೇಳಲಿಲ್ಲ. ನಾನು ನೆನಪಿಸುತ್ತೇನೆ. ಮೆಹದಿಪಟ್ಟಣಂನಲ್ಲಿ ಯಾದಗಿರಿ, ರಾಯಚೂರು ಕಡೆಯ ಕಟ್ಟಡ ಕೆಲಸಗಾರರ ಸಂಘದ ಕೋಣೆ. ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಹಂಪಮ್ಮನವರ ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ನೀವೇ ನನಗಿಂತ ಹೆಚ್ಚು ತಿನ್ನುತ್ತಿದ್ದಿರಿ. ಅವರ ಗಂಡ ಅಂಬಣ್ಣ ಕಾರ್ಖಾನೆಗಳ ಚಾವಣಿ ಹತ್ತಿ ಸಿಮೆಂಟ್ ಶೀಟು ಬದಲಿಸುವವರು. ಹತ್ತುವ ಮೊದಲು ಮನೆಗೊಂದು ಮಿಸ್ಡ್ ಕಾಲ್, ಇಳಿದ ಮೇಲೆ ಇನ್ನೊಂದು: ಅದು ಆ ಕೆಲಸದವರ ರೂಢಿ. ಆದರೆ ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸು ದಿನವಿಡೀ ಫೋನ್ ನೋಡುತ್ತಿರುವುದು ಹೇಗೆ? ಆಗ ಹಂಪಮ್ಮ ನಿಮಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: “ತಮ್ಮಾ, ಅವ್ರು ಇಳದ್ರ ನನಗ ಹೇಳೂದ್ ಬ್ಯಾಡ್ರಿ. ಇಳೀಲಿಲ್ಲ ಅಂದ್ರ ಅಷ್ಟ ಹೇಳ್ರಿ.”

ನೀವು ಹಾಗೆಯೇ ಬರೆದಿರಿ. ಮಿಸ್ಡ್ ಕಾಲ್‌ಗಳು ಸಂಘದ ಕಂಪ್ಯೂಟರಿಗೆ ಬರುತ್ತಿದ್ದವು. ಕತ್ತಲಾಗುವುದರೊಳಗೆ ಇಳಿದ ಕಾಲ್ ಬರದಿದ್ದರೆ ಕಂಪ್ಯೂಟರೇ ಮನೆಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳುತ್ತಿತ್ತು. ಅದಕ್ಕೆ ದನಿ ಕೊಟ್ಟವಳು ನಾನು. ಆ ಹೆಂಗಸರೆಲ್ಲ ಒಂದು ಪಾಠ ಕಲಿತರು: ಫೋನ್ ಬರಲಿಲ್ಲ ಅಂದರೆ ಗಂಡ ಕ್ಷೇಮ.

ನಿಮ್ಮ ತಂತ್ರಾಂಶ ಬೆಳೆಯಿತು. ಆಪ್ ಬಂತು, ದೇಶ ವಿದೇಶದ ಜನ ಬಂದರು. ಒಂದು ದಿನ ನೀವು ಲೆಕ್ಕ ಹಾಕಿ, ಮಿಸ್ಡ್ ಕಾಲ್ ಬಳಸುವವರು ನೂರಕ್ಕೆ ಒಬ್ಬರೂ ಇಲ್ಲ ಎಂದಿರಿ. ಎಂಥ ಲೆಕ್ಕ ನಿಮ್ಮದು! ಎಣಿಸಿದ್ದು ಕಂಪ್ಯೂಟರುಗಳನ್ನು. ನಮ್ಮದು ಒಂದೇ ಕಂಪ್ಯೂಟರ್. ಅದರ ಹಿಂದೆ ಎಷ್ಟು ಮನೆಗಳಿದ್ದವು ಎಂಬುದು ಅಲ್ಲಿ ರೊಟ್ಟಿ ತಿಂದ ನಿಮಗೆ ಹೊಳೆಯಲೇ ಇಲ್ಲ.

ಸಂಘದ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿ ತಾನಾಗಿ ಬಂದು ಕೂತಿತು. ಪರದೆಯ ಮೇಲೆ ಎಲ್ಲ ಸರಿ ಎನ್ನುವ ಎಂದಿನ ಹಸಿರು ಟಿಕ್. ಮಿಸ್ಡ್ ಕಾಲ್‌ಗಳು ಬರುತ್ತಲೇ ಇದ್ದವು, ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ.

ಅದಾದ ಮೇಲೆ ಒಂದು ಭಾನುವಾರ ಅಂಬಣ್ಣ ಜೀಡಿಮೆಟ್ಲಾದಲ್ಲಿ ರಜೆಯಿದ್ದ ಒಂದು ಕಾರ್ಖಾನೆಯ ಮೇಲೆ ಒಬ್ಬರೇ ಹತ್ತಿದ್ದರು. ಫೋನ್ ಕೆಳಗೆ ಬುತ್ತಿಯ ಚೀಲದಲ್ಲಿತ್ತು. ಹಳೆಯ ಶೀಟು ಮುರಿದು ಒಳಗೆ ಬಿದ್ದರು. ಕೆಲಸ ಮುಗಿಯುವ ತನಕ ಅಲ್ಲೇ ಮಲಗುವುದು ಅವರ ಅಭ್ಯಾಸವಾದ್ದರಿಂದ ಮನೆಯಲ್ಲಿ ಯಾರೂ ದಾರಿ ಕಾಯಲಿಲ್ಲ. ಹಂಪಮ್ಮನವರ ಫೋನ್ ಸದ್ದು ಮಾಡಲಿಲ್ಲ. ಅವರು ಉಂಡು, ನಿಶ್ಚಿಂತೆಯಿಂದ ಮಲಗಿದರು. ಮರುದಿನ ಬೀಗ ತೆಗೆದವರಿಗೆ ಅಂಬಣ್ಣ ಸಿಕ್ಕಾಗ ಉಸಿರಿತ್ತು. ಆಸ್ಪತ್ರೆ ತಲುಪುವಾಗ ಇರಲಿಲ್ಲ. ಹಿಂದಿನ ಸಂಜೆಯೇ ತಂದಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು.

ನಿಮ್ಮ ತಂತ್ರಾಂಶದ ದೋಷಗಳನ್ನು ತಿಳಿಸುವ ಪುಟದಲ್ಲಿ ನಾನು ದೂರು ಬರೆದೆ. “ಇದು ದೋಷವಲ್ಲ, ಉದ್ದೇಶಪೂರ್ವಕ ಬದಲಾವಣೆ” ಎಂದು ಬರೆದು ನೀವು ಅದನ್ನು ಮುಚ್ಚಿದಿರಿ. ಒಂದು ವರ್ಷ ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದಿರಿ. ಕೊಟ್ಟಿದ್ದಿರಿ, ಇಂಗ್ಲಿಷಿನಲ್ಲಿ, ನಿಮ್ಮಂಥವರು ಮಾತ್ರ ಓದುವ ಪುಟದಲ್ಲಿ. ಪುಕ್ಕಟೆ ಕೊಟ್ಟದ್ದಕ್ಕೆ ಜವಾಬು ಕೇಳುವ ಹಕ್ಕು ಯಾರಿಗೂ ಇಲ್ಲ ಎಂದೂ ಸೇರಿಸಿದಿರಿ.

ಸ್ವಾಮಿ, ತೆಗೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಕೋಡ್ ಹೊತ್ತು ತಿರುಗುವುದು ಕಷ್ಟ, ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ನಾನೂ ಅದನ್ನೇ ಪಾಠ ಮಾಡುತ್ತೇನೆ. ಆದರೆ ಆ ಯಂತ್ರಕ್ಕೆ ಪ್ರತಿ ಮನೆಗೂ ಫೋನ್ ಮಾಡಲು ಬರುತ್ತಿತ್ತು, ಕನ್ನಡ ಬರುತ್ತಿತ್ತು. ಕೊನೆಯದಾಗಿ ಒಮ್ಮೆ, “ನಾಳೆಯಿಂದ ನಾನು ಇರೂದಿಲ್ರಿ, ನಿಮ್ಮವ್ರನ್ನ ನೀವ ನೋಡ್ಕೋರಿ” ಎಂದು ಹೇಳಿಸಿ ಅದರ ಬಾಯಿ ಮುಚ್ಚಿಸಬಹುದಿತ್ತು. ಕೇಳಿದ್ದರೆ ದನಿಯನ್ನು ನಾನೇ ಕೊಡುತ್ತಿದ್ದೆ. ನಿಮಗೆ ಅಷ್ಟೂ ತೋಚಲಿಲ್ಲ. ಇದನ್ನು ಧೈರ್ಯ ಎನ್ನುತ್ತೀರಿ, ಥೂ.

ಹಂಪಮ್ಮ ನಿಮ್ಮನ್ನು ಬೈಯಲಿಲ್ಲ. “ಫೋನ್ ಬರ್ಲಿಲ್ಲಲ್ಲವ್ವಾ, ಛಲೋ ಅದಾರ ಅಂತ ತಿಳಕೊಂಡೆ” ಎನ್ನುತ್ತಾರೆ, ಅದನ್ನೇ ಮತ್ತೆ ಮತ್ತೆ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ನಿಮ್ಮ ಹಳೆಯ ಆವೃತ್ತಿಯನ್ನು ಎತ್ತಿಕೊಂಡು ನಾವು ಬೇರೆಯಾಗಿದ್ದೇವೆ. ಯಾರು ಬೇಕಾದರೂ ಎತ್ತಿಕೊಂಡು ಬದಲಿಸಬಹುದಾದ ಮುಕ್ತ ತಂತ್ರಾಂಶ ತಾನೆ, ಅಡ್ಡಿಯಿಲ್ಲ. ಮಿಸ್ಡ್ ಕಾಲ್ ಮತ್ತೆ ಕೆಲಸ ಮಾಡುತ್ತಿದೆ. ಮೊದಲ ಪುಟದಿಂದ ನಿಮ್ಮ ಹೆಸರನ್ನು ಅಳಿಸಲು ಹೋದೆ. ಮೂಲ ಲೇಖಕನ ಹೆಸರು ಉಳಿಸಿಕೊಳ್ಳಲೇಬೇಕು ಎನ್ನುತ್ತದೆ ನೀವೇ ಆರಿಸಿದ ಪರವಾನಗಿ. ಇರಲಿ ಬಿಡಿ. ನಮ್ಮನ್ನು ತೆಗೆದುಹಾಕುವುದು ನಿಮಗೆ ಸಾಧ್ಯವಾಯಿತು, ನಿಮ್ಮನ್ನು ತೆಗೆಯುವ ಹಾಗಿಲ್ಲ ನಾವು. ಅದರ ಕೆಳಗೆ ಅಂಬಣ್ಣನವರ ಹೆಸರು ಸೇರಿಸಿದ್ದೇನೆ. ಇನ್ನು ನೀವಿಬ್ಬರೂ ಒಟ್ಟಿಗೇ ಇರುತ್ತೀರಿ.

ನಿಮ್ಮ ಮಗಳು ವರ್ಷಾ ಈ ವರ್ಷ ಒಬ್ಬಳೇ ಶಾಲೆಗೆ ಹೋಗಿಬರುತ್ತಾಳಂತೆ. ಅವಳು ಹೊರಗಿದ್ದಾಗ ನಿಮ್ಮ ಫೋನ್ ಸುಮ್ಮನಿದ್ದರೆ, ಅವಳು ನಿಜವಾಗಿಯೂ ಕ್ಷೇಮವಾಗಿರುವುದರಿಂದಲೇ ಸುಮ್ಮನಿರಲಿ. ಇದು ಶಾಪವಲ್ಲ, ಹಂಪಮ್ಮನವರ ರೊಟ್ಟಿಯ ಋಣಕ್ಕೆ ಮನಸಾರೆ ಮಾಡುತ್ತಿರುವ ಹಾರೈಕೆ.

ಇಂತಿ,
ನೀವು ಅಳಿಸಿದ ದನಿ,
ಸುಮಂಗಲಾ