ಈಚೆಗೆ ಕೇಳಿದ್ದು

ಮನೆಯಿಂದ,
ಮಾರ್ಚ್ ೯, ಭಾನುವಾರ

ನನ್ನ ಪುಟ್ಟಿಗೆ,

ಹೇಗಿದ್ದೀಯಮ್ಮಾ? ಚಳಿಗೆ ಬೆನ್ನು ಹತ್ತುವ ನಿನ್ನ ಒಣಕೆಮ್ಮು ಹೋಯಿತೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಅಥವಾ ನಿಂತಲ್ಲೇ ಎರಡು ಬಿಸ್ಕತ್ತು ತಿಂದು ಊಟವಾಯಿತು ಎನ್ನುತ್ತೀಯಾ? ನಿನ್ನ ಫೋನು ಜನವರಿಯಿಂದ ಬರೀ ಸ್ವಿಚ್ ಆಫ್. ಈ ವಿಳಾಸವನ್ನು ನಿನ್ನ ಗೆಳತಿಯನ್ನು ಕಾಡಿ ಬೇಡಿ ಪಡೆದದ್ದು, ಅವಳ ಮೇಲೆ ಸಿಟ್ಟಾಗಬೇಡ. 'ಈಗಲೂ ಅಲ್ಲೇ ಇದ್ದಾಳೋ ಇಲ್ವೋ ಗೊತ್ತಿಲ್ಲ ಆಂಟಿ' ಎಂದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಸೋದರತ್ತೆಗೆ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ನೀನು ಹೋದ ಮೇಲೂ ನಮ್ಮ ಭಾನುವಾರದ ಕೂಟ ನಿಂತಿಲ್ಲ. ಕಾಫಿ ಮುಗಿಸಿ ಹಾಲಿನಲ್ಲಿ ಕೂರುತ್ತೇವೆ. ಅದೇ ಪದ್ಧತಿ: ಒಬ್ಬೊಬ್ಬರೂ ಆ ವಾರ ಕೇಳಿದ ಹಾಡುಗಳಲ್ಲಿ ಮನಸ್ಸಿಗೆ ಹತ್ತಿದ್ದೊಂದನ್ನು ಹಾಕಬೇಕು, ಮುಗಿಯುವವರೆಗೆ ಯಾರದೆಂದು ಹೇಳಕೂಡದು, ಮುಗಿದ ಮೇಲೆ ಜಗಳ. ಹೋದ ವಾರ ಅತ್ತೆ ಹಾಕಿದ ಹಳೆಯ ಹಾಡಿಗೆ ನಿಮ್ಮಪ್ಪ 'ಪಾಪ, ಗಾಯಕನಿಗೆ ನೆಗಡಿ' ಎಂದರು. 'ನೆಗಡಿಯಲ್ಲೂ ಅವನು ಶ್ರುತಿ ಬಿಟ್ಟಿಲ್ಲ ನೋಡೋ. ನೀನು ಗಟ್ಟಿಮುಟ್ಟಾಗಿದ್ದಾಗಲೂ ಬಚ್ಚಲಲ್ಲಿ ಒಂದು ದಿನವೂ ಅದನ್ನ ಹಿಡಿದಿಲ್ಲ' ಎಂದು ಅತ್ತೆ ತಮ್ಮನ ಬಾಯಿ ಮುಚ್ಚಿಸಿದರು. ನಾನು ಕೊಳಲಿನದೊಂದು ಹಾಕಿದೆ, ಇಬ್ಬರೂ ಆಕಳಿಸಿದರು. ನಕ್ಕೆವು. ಆದರೆ ನಿನ್ನ ಸರದಿಯ ಹೊತ್ತಿಗೆ ಮೂವರೂ ಸುಮ್ಮನಾಗುತ್ತೇವೆ. ಯಾರೂ ಎದ್ದು ಹೋಗುವುದಿಲ್ಲ, ಏನನ್ನೂ ಹಾಕುವುದೂ ಇಲ್ಲ.

ಹೆಸರು ಮೊದಲೇ ಗೊತ್ತಾದರೆ ಕಿವಿ ಸೋಮಾರಿಯಾಗುತ್ತದೆ ಎಂದು ಆ ನಿಯಮ ಮಾಡಿದವರು ನಿಮ್ಮಪ್ಪನೇ. ಅದನ್ನು ಪಾಲಿಸಿಯೇ ನೀನು ನವೆಂಬರಿನ ಆ ಭಾನುವಾರ ನಿನ್ನದೇ ರಚನೆಯನ್ನು ಹೆಸರು ಹೇಳದೆ ಹಾಕಿದೆ. ಅವರು ಯಾರದೆಂದು ತಿಳಿಯದೆ 'ಇದು ಸಂಗೀತ ಅಲ್ಲ, ಯಾರೋ ಮಹಡಿ ಮೇಲೆ ಕುರ್ಚಿ ಎಳೀತಿರೋ ಸದ್ದು. ಮಾಡಿದೋರು ಮೊದಲು ಕಿವಿ ಡಾಕ್ಟರ್ ಹತ್ರ ಹೋಗ್ಬೇಕು' ಎಂದರು. ನೀನು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ 'ಅದು ನಂದು' ಎಂದೆ. ಅವರು ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಮಗಳದೆಂದು ಗೊತ್ತಾದ ಮೇಲೆ ಅಭಿಪ್ರಾಯ ಬದಲಾಯಿಸಿದರೆ ಅದು ಮೋಸ ಎಂದರು. ಮಾತು ಸರಿ, ಹೊತ್ತು ಸರಿಯಲ್ಲ. ಆ ವಾರವೇ ನೀನು ಕೆಲಸ ಸಿಕ್ಕಿದೆ ಎಂದು ಹೊರಟೆ.

ಹಾಡಿನ ಆ್ಯಪಿನಲ್ಲಿ ನಮ್ಮ ನಾಲ್ವರಿಗೂ ಒಂದೇ ಖಾತೆ ಎಂಬುದನ್ನು ನೀನು ಮರೆತೆಯೋ, ಬೇಕೆಂದೇ ಹಾಗೆ ಬಿಟ್ಟೆಯೋ. ಯಾರು ಏನು ಕೇಳಿದರೂ 'ಈಚೆಗೆ ಕೇಳಿದ್ದು' ಎನ್ನುವಲ್ಲಿ ಎಲ್ಲರಿಗೂ ಕಾಣುತ್ತದೆ, ಕೇಳಿದವರು ಯಾರೆಂದು ಮಾತ್ರ ಅದು ಹೇಳುವುದಿಲ್ಲ. ನೀನು ಮಾತು ಬಿಟ್ಟ ಮೇಲೆ ನನಗೆ ನಿನ್ನ ಸಮಾಚಾರವೆಂದರೆ ಅದೊಂದೇ. ಡ್ರಮ್ಮಿನ ಗದ್ದಲ ಕಂಡರೆ ಅತ್ತೆಗೆ ತೋರಿಸುತ್ತಿದ್ದೆ, 'ಕುಣೀತಿದ್ದಾಳೆ ಬಿಡೇ, ಚೆನ್ನಾಗೇ ಇದ್ದಾಳೆ' ಎನ್ನುತ್ತಿದ್ದರು. ಆದರೆ ಜನವರಿಯಿಂದ ಮಧ್ಯಾಹ್ನವಾದರೆ ಒಂದೇ, ನೀನು ಆ್ಯಪಿಗೆ ಏರಿಸಿಟ್ಟ ನಿನ್ನ ಆ ರಚನೆ. ಗಾಯವನ್ನು ನೀನೇ ಮತ್ತೆ ಮತ್ತೆ ಕೆರೆದುಕೊಳ್ಳುತ್ತಿದ್ದೀಯ ಎಂದು ನನಗೆ ಸಂಕಟ. ಕವಿತೆ ಓದುವವರ ಚಾಳಿ ಇದು, ಒಂದು ಸಾಲು ಮರಳಿ ಬಂದರೆ ಅಲ್ಲಿ ನೋವಿದೆ ಎಂದೇ ತಿಳಿಯುವುದು. 'ನೀನು ಎಂ.ಎ. ಮಾಡಿದ್ದೇ ಇಲ್ಲದ ಅರ್ಥ ಹುಡುಕೋಕೆ' ಎಂದು ನಿಮ್ಮಪ್ಪ ಬೈದರು, ಬೈದು ಮುಖ ತಿರುಗಿಸಿದರು. ಒಬ್ಬರು ಹಾಡು ಹಾಕಿದರೆ ಇನ್ನೊಬ್ಬರದು ನಿಂತುಹೋಗುತ್ತದಲ್ಲ, ನಿನ್ನದು ತುಂಡಾಗದಿರಲಿ ಎಂದು ಮಧ್ಯಾಹ್ನದ ಹೊತ್ತು ನಾನು ಏನನ್ನೂ ಕೇಳುತ್ತಿರಲಿಲ್ಲ. ಅಡುಗೆಮನೆ ಕಟ್ಟೆ ಒರೆಸುತ್ತಾ ಹಾಗೆ ಸದ್ದಿಲ್ಲದೆ ಇರುವುದೇ ನಿನ್ನ ಪಕ್ಕ ಕೂತಂತಿತ್ತು.

ಗುರುವಾರ ನಿಮ್ಮಪ್ಪ ಊಟದ ಡಬ್ಬಿ ಮರೆತು ಹೋಗಿದ್ದರು, ಅವರ ಕನ್ನಡಕದಂಗಡಿಗೆ ನಾನೇ ಒಯ್ದೆ. ಮುಂದೆ ಯಾರೂ ಇಲ್ಲ. ಪರದೆಯ ಹಿಂದೆ ಗಾಜು ಉಜ್ಜುವ ಯಂತ್ರದ ಸದ್ದೂ ಇಲ್ಲ. ಎಲ್ಲೋ ಪಕ್ಕಕ್ಕೆ ಹೋಗಿರಬೇಕು, ಬರಲಿ ಎಂದು ಗಿರಾಕಿಗಳ ಕುರ್ಚಿಯಲ್ಲಿ ಕೂತೆ. ಹೊತ್ತಿನ ಪರಿವೆಯಿಲ್ಲದೆ ನನ್ನ ಫೋನಿನಲ್ಲಿ ಆ ಕೊಳಲು ಹಾಕಿಬಿಟ್ಟೆ. ಒಳಗಿನಿಂದ 'ಥತ್, ಯಾರಪ್ಪಾ ನಿಲ್ಸಿದ್ದು!' ಎಂಬ ಕೂಗು. ಪರದೆ ಸರಿಸಿ ನೋಡಿದರೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅರ್ಧ ಉಜ್ಜಿದ ಗಾಜನ್ನು ಕೈಯಲ್ಲೇ ಹಿಡಿದು ಕೂತಿದ್ದಾರೆ. ಎದುರಿನ ಫೋನಿನಲ್ಲಿ ನಿನ್ನ ರಚನೆ. 'ಇಷ್ಟ ಆಯ್ತಾ?' ಎಂದೆ. 'ಇಲ್ಲ ಕಣೇ. ಇವತ್ತಿಗೂ ಹಿಡಿಸಿಲ್ಲ. ಹಿಡಿಸದೇ ಇರೋದನ್ನ ಯಾಕೆ ಬಿಡೋಕಾಗ್ತಿಲ್ಲ ಅಂತ ದಿನಾ ಕೇಳ್ತೀನಿ' ಎಂದರು. ಮತ್ತೆ ನನಗೇಕೆ ಹೇಳಲಿಲ್ಲ, ನಾನು ಇಷ್ಟು ದಿನ ಅದು ಮಗಳದೆಂದು ಒದ್ದಾಡುವುದನ್ನು ನೋಡುತ್ತಾ ಸುಮ್ಮನಿದ್ದಿರಲ್ಲ ಎಂದು ಜೋರಾಗಿಯೇ ಕೇಳಿದೆ. ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. 'ನಂದು ಅಂದಿದ್ರೆ, ಅವಳು ಏನೂ ಕೇಳ್ತಿಲ್ಲ ಅಂತ ನಿನಗೆ ಗೊತ್ತಾಗ್ತಿತ್ತಲ್ಲ' ಎಂದರು.

ಅಲ್ಲೇ ಕೂತು ಇಬ್ಬರೂ ಒಂದೊಂದಾಗಿ ಹಿಂದಕ್ಕೆ ಹೋದೆವು. ಇದು ನನ್ನದು, ಇದು ನಿಮ್ಮದು, ಇದು ಅತ್ತೆಯದು. ಸಂಜೆ ಮನೆಯಲ್ಲಿ ಕೇಳಿದರೆ ಆ ಡ್ರಮ್ಮು ಕೂಡ ಅತ್ತೆಯದೇ. ಕನ್ನಡಕವಿಲ್ಲದೆ ಏನನ್ನೋ ಒತ್ತಿ, ಬಂದದ್ದನ್ನು ನಿಲ್ಲಿಸಲು ತಿಳಿಯದೆ ಬಿಟ್ಟಿದ್ದರಂತೆ. ಹೊಸ ವರ್ಷದ ಈಚೆಗೆ ನಿನ್ನದೆನ್ನಲು ಒಂದೂ ಉಳಿಯಲಿಲ್ಲ. 'ಬೇರೆ ಖಾತೆ ಮಾಡ್ಕೊಂಡಿರ್ತಾಳೆ' ಎಂದು ಅವರು ಹೇಳುತ್ತಾರೆ, ನಾನು ಹೌದೆನ್ನುತ್ತೇನೆ. ಸ್ವಲ್ಪ ಹೊತ್ತಿಗೆ ನಾನು ಅದನ್ನೇ ಹೇಳುತ್ತೇನೆ, ಅವರು ಹೌದೆನ್ನುತ್ತಾರೆ. ಹಾಗೇ ಆಗಿದ್ದರೆ ಸಂತೋಷ, ಅದರಲ್ಲಿ ನಿನಗೆ ಬೇಕಾದ್ದನ್ನು ಕೇಳಿಕೊಂಡಿರು. ಮನೆಗೆ ಬಾ ಎಂದು ನಾನು ಬರೆಯುತ್ತಿಲ್ಲ. ಅಪ್ಪನ ಪರವಾಗಿಯೂ ಬರೆಯುತ್ತಿಲ್ಲ, ಆ ಕಾಗದ ಅವರೇ ಬರೆಯಬೇಕಾದ್ದು. ನಿನ್ನೆ ಪೆನ್ನು ಹಿಡಿದು ಕೂತಿದ್ದರು, ಎದ್ದು ಹೋದರು.

ಮೈ ಚೆನ್ನಾಗಿ ನೋಡಿಕೋ. ಎಲ್ಲಿದ್ದರೂ ನಿನ್ನ ಸುತ್ತ ನಾಲ್ಕು ಒಳ್ಳೆಯ ಜನ ಇರಲಿ. ಅತ್ತೆ ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದ್ದಾರೆ.

ನಿನ್ನ
ಅಮ್ಮ

ಅಂಟು ಹಚ್ಚುವ ಮೊದಲು ಇಷ್ಟು: ಈಗ ತಾನೇ ನೋಡಿದೆ, ಆ್ಯಪಿನ ಪಟ್ಟಿಯಲ್ಲಿ ಹೊಸದೊಂದು ಬಂದಿದೆ. ಯಾವುದೋ ಗೊತ್ತಿಲ್ಲದ ಭಾಷೆ, ಹೆಂಗಸಿನ ದನಿ, ಅರ್ಧಕ್ಕೇ ನಿಲ್ಲಿಸಿದೆ. ನಾನು ಹಾಕಿದ್ದಲ್ಲ. ನಿಮ್ಮಪ್ಪನೂ ಅಲ್ಲ, ನನ್ನ ಎದುರಿಗೇ ಇದ್ದರು. ಅತ್ತೆ ಮೇಲಿನ ಕೋಣೆಯಲ್ಲಿ ಎದ್ದು ಓಡಾಡುತ್ತಿರುವ ಸದ್ದು ಕೇಳುತ್ತಿದೆ. ಹೋಗಿ ನೀವಾ ಎಂದು ವಿಚಾರಿಸಲು ನಮ್ಮಿಬ್ಬರಿಗೂ ಧೈರ್ಯ ಬರುತ್ತಿಲ್ಲ. ನೀನೇ ಆಗಿದ್ದರೆ, ಪುಟ್ಟೀ, ಈ ಕಾಗದ ಸಿಕ್ಕಿದ ದಿನ ಉಳಿದರ್ಧ ಕೇಳು. ಅಲ್ಲಿಯವರೆಗೆ ಈ ಮನೆಯಲ್ಲಿ ಯಾರೂ ಏನೂ ಹಾಕುವುದಿಲ್ಲ.