ರಾಜನ ಕೆನ್ನೆಯ ಬೆರಳ ಗುರುತು

ನವೆಂಬರ್ 14, ಓಡೆನ್ಸೆ

ಬೋಡಿಲ್ ಒಳ್ಳೆಯದೆಂದೇ ಮಾಡಿದಳು. ಅದಕ್ಕೇ ಬೈಯಲೂ ಆಗುತ್ತಿಲ್ಲ. ನಾನಿಲ್ಲದಾಗ ನನ್ನ ಬೆಳ್ಳಿ ನಾಣ್ಯಗಳನ್ನೆಲ್ಲ ಅಡಿಗೆ ಸೋಡಾ ಹಾಕಿ ಉಜ್ಜಿಬಿಟ್ಟಿದ್ದಾಳೆ.

"ನೋಡಿ ಭಾವ, ನಿಮ್ಮ ರಾಜರಿಗೆಲ್ಲ ಸ್ನಾನ ಮಾಡ್ಸಿದೀನಿ! ಥೂ, ಎಷ್ಟು ಕಪ್ಪಾಗಿದ್ರು!" ಎಂದು ನಾದಿನಿ ನಕ್ಕಳು. ಥ್ಯಾಂಕ್ಸ್ ಎಂದೆ.

ಹಳೆಯ ರಾಜ ಸತ್ತಾಗ ಹೊರಡಿಸಿದ ನಾಣ್ಯವೂ ಅವುಗಳಲ್ಲಿತ್ತು. ಒಂದು ಕಡೆ ಸತ್ತ ಅಪ್ಪ, ಇನ್ನೊಂದು ಕಡೆ ಪಟ್ಟಕ್ಕೆ ಬಂದ ಮಗ. ನಮ್ಮ ಮಗ ವಿಲ್ಲಾಡ್ಸ್ ನಾಲ್ಕು ವರ್ಷದವನಿದ್ದಾಗ ಆ ಅಪ್ಪನ ಕೆನ್ನೆಗೆ ಬೆರಳು ಒತ್ತಿದ್ದ.

"ಅಂಚು ಹಿಡ್ಕೊಳೋ, ಮುಖ ಮುಟ್ಬೇಡ!" ಎಂದು ಗದರಿದ್ದೆ. ಆ ಚಳಿಗಾಲದಲ್ಲೇ ಜ್ವರ ಬಂದು ತೀರಿಹೋದ. ಅವನ ಬೆರಳ ಗುರುತು ಮಾತ್ರ ಬೆಳ್ಳಿಯಲ್ಲಿ ವರ್ಷದಿಂದ ವರ್ಷಕ್ಕೆ ಕಪ್ಪಾಗಿ, ಗೆರೆಗೆರೆಯೂ ಕಾಣುವಂತಾಗಿತ್ತು.

ಹೆಂಡತಿ ಇರ್ಮಾಳಿಗೆ ಇನ್ನೂ ಗೊತ್ತಿಲ್ಲ. ಊಟ ಮಾಡುವಾಗ, "ನಾಳೆ ಅವನ ಹುಟ್ಟಿದಬ್ಬ ಅಲ್ವೇನ್ರೀ? ಪ್ರತಿ ವರ್ಷದ ಹಾಗೆ ಮೇಜಿನ ಮೇಲೆ ಹುಟ್ಟಿದಬ್ಬದ ಬಾವುಟ ಇಡ್ತೀನಿ. ನೀವು ಆ ನಾಣ್ಯ, ಭೂತಗನ್ನಡಿ ತೆಗ್ದಿಡಿ," ಎಂದಳು.

ಈಗ ದೀಪದಡಿ ರಾಜನ ಕೆನ್ನೆ ಹೊಸದರಂತೆ ಥಳಥಳಿಸುತ್ತಿದೆ. ನನ್ನ ಹೆಬ್ಬೆರಳು ಒತ್ತಿ ನೋಡಿದೆ. ಒರೆಸಿ, ಕಿರುಬೆರಳು ಒತ್ತಿದೆ.

ನಾಲ್ಕು ವರ್ಷದ ಬೆರಳಿಗೆ ಅದೂ ದೊಡ್ಡದಾಯಿತು.