ರಟ್ಟಿನ ಕನ್ನಡಕ

ಭಾನುವಾರ, ಮಧ್ಯಾಹ್ನ

ಪುಟ್ಟಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ಹೋದ ವಾರ ನಾನು ಮನೆಗೆ ಬಂದಾಗ ನೀನು ಕೋಣೆಯಿಂದ ಹೊರಗೇ ಬರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ನನ್ನ ಕೈ ಹಿಡಿದು, "ಅವತ್ತು ನೀನು ರಜ ಹಾಕ್ದೇ ಇದ್ದಿದ್ರೆ ತಂಗಿಗೆ ಹೀಗಾಗೋಕೆ ಬಿಡ್ತಿದ್ಯಾ?" ಅಂದಳು. ನಾನು ರಜದಲ್ಲಿದ್ದೆ ಎಂದು ನೀನು ಹೇಳಿರುವುದು ಆಗಲೇ ತಿಳಿದದ್ದು. "ಬಿಡ್ತಿರ್ಲಿಲ್ಲಮ್ಮ" ಅಂದುಬಿಟ್ಟೆ. ಎಂಥ ನಾಲಿಗೆ ನನ್ನದು!

ನಿನ್ನನ್ನು ನನ್ನ ಜೊತೆ ಆ ಕನ್ನಡಕದ ಅಂಗಡಿಯ ಕೆಲಸಕ್ಕೆ ಸೇರಿಸಿದವಳು ನಾನೇ. ಮಾಲೀಕರನ್ನು ಎಲ್ಲರೂ ಅಣ್ಣ ಅನ್ನುತ್ತಾರೆ, ನಾವೆಲ್ಲ ಒಂದೇ ಮನೆಯವರ ಹಾಗೆ ಎಂದು ಹೊಗಳಿದ್ದೇ ಹೊಗಳಿದ್ದು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ನಡೆಯುವ ‘ಸನ್ಮಾನ’ದ ಬಗ್ಗೆ ಮಾತ್ರ ಉಸಿರೆತ್ತಲಿಲ್ಲ. ತಪ್ಪು ಮಾಡಿದವರು ಷೋಕೇಸಿನ ಆ ಮೊರದಗಲದ ರಟ್ಟಿನ ಕನ್ನಡಕ ಹಾಕಿಕೊಂಡು ನಿಲ್ಲಬೇಕು, ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟಬೇಕು. ತಮಾಷೆಗೆ ಅಷ್ಟೇ ಎನ್ನುತ್ತಿದ್ದೆವು. ಬೇಜಾರು ಮಾಡಿಕೊಂಡವರಿಗೆ ತಮಾಷೆಯೇ ತಿಳಿಯುವುದಿಲ್ಲ ಎನ್ನುತ್ತಿದ್ದೆವು. ಬೆಳಗಾದರೆ ಇವತ್ತು ನನ್ನ ಸರದಿ ಆಗದಿರಲಪ್ಪಾ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ.

ನೀನು ಕನ್ನಡಕ ಮಾಡಿಸಲು ಬಂದ ಆ ಮೇಷ್ಟ್ರ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿದೆ. ಹೊಸಬರೆಲ್ಲ ಮಾಡುವ ತಪ್ಪು. ಮೇಷ್ಟ್ರೇ ನಗುತ್ತ, ಮೆಟ್ಟಿಲೆಲ್ಲ ತೇಲಾಡಿದವು ಎಂದು ಹೇಳಿ, ಸರಿ ಮಾಡಿಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ಅಣ್ಣ ರಟ್ಟಿನ ಕನ್ನಡಕವನ್ನು ನನ್ನ ಕೈಗೆ ಕೊಟ್ಟು, "ಅಕ್ಕ ಅಲ್ವಾ, ನೀವೇ ಹಾಕಿ" ಅಂದರು. ನೀನು ನನ್ನನ್ನೇ ನೋಡಿದೆ. ಅಕ್ಕ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ, ಅಲ್ಲವೇನೆ? ನಾನು ನಿನ್ನ ಕೂದಲು ಹಿಂದೆ ಸರಿಸಿ, ಕಿವಿಗೆ ಸಿಕ್ಕಿಸಿ, ನಮ್ಮ ಪುಟ್ಟಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ನಕ್ಕೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ನೀನು ಕಣ್ಣು ಮುಚ್ಚಿಕೊಂಡೆ.

ಬೇಗ ಮುಗಿಯಲಿ ಎಂದು ಹಾಗೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು ಕಣೆ. ಅಣ್ಣನ ಮುಂದೆ ಒಳ್ಳೆಯವಳು ಅನ್ನಿಸಿಕೊಳ್ಳಬೇಕಿತ್ತು. ಸಂಜೆ ನಾವಿಬ್ಬರೂ ಇದ್ದ ರೂಮಿಗೆ ಬಂದರೆ ನೀನೂ ಇಲ್ಲ, ನಿನ್ನ ಬಟ್ಟೆಯೂ ಇಲ್ಲ.

ಮೊನ್ನೆ ಅಂಗಡಿಯಲ್ಲಿ ಗಾಜು ತಿಕ್ಕುವ ಆ ವಯಸ್ಸಾದ ಮಾಮನ ಸರದಿ. ಒಂದು ಫ್ರೇಮ್ ಅವರ ಕೈಜಾರಿ ಮುರಿದಿತ್ತು. ಕನ್ನಡಕ ಮತ್ತೆ ನನ್ನ ಕೈಗೇ ಬಂತು. ಮಾಮ ತಮ್ಮ ಸ್ವಂತ ಕನ್ನಡಕ ತೆಗೆದು ಜೇಬಿಗಿಟ್ಟು, ಕತ್ತು ಮುಂದೆ ಚಾಚಿ, ಕಣ್ಣು ಮುಚ್ಚಿಕೊಂಡರು. ಥೇಟ್ ನಿನ್ನ ಹಾಗೇ. ನನ್ನ ಕೈ ಮೇಲೇಳಲಿಲ್ಲ. "ನಾನು ಹಾಕಲ್ಲ" ಅಂದೆ. "ಹಾಗಾದ್ರೆ ನೀವೇ ಹಾಕ್ಕೊಳ್ಳಿ" ಎಂದು ಅಣ್ಣ ನಕ್ಕರು. ಹಾಕಿಕೊಂಡೆ. ಎಲ್ಲರೂ ತಟ್ಟಿದರು. ಪಾಪ, ಮಾಮನೂ ತಟ್ಟಿದರು. ಮಧ್ಯದಲ್ಲಿ ನಿಂತವರಿಗೆ ಆ ಸದ್ದು ಹೇಗೆ ಕೇಳುತ್ತದೆ ಎಂದು ಅವತ್ತು ಗೊತ್ತಾಯಿತು. ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟು, ಚೀಲ ಹಿಡಿದು ಹೊರಗೆ ಬಂದೆ. ಮತ್ತೆ ಹೋಗಿಲ್ಲ. ಹೋಗುವುದೂ ಇಲ್ಲ.

ಅಕ್ಕ ಧೈರ್ಯ ಮಾಡಿದಳು ಎಂದು ತಿಳಿಯಬೇಡ. ಯಾರೋ ಮಾಮನಿಗಾಗಿ ತೆರೆದ ಬಾಯಿ ಒಡಹುಟ್ಟಿದವಳಿಗಾಗಿ ತೆರೆಯಲಿಲ್ಲ. ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮುಂದಿನ ಭಾನುವಾರ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡೇ ಇದ್ದರೂ ಸರಿ, ಹೊರಗೆ ಕೂತಿರುತ್ತೇನೆ.

ನೀನು ಇನ್ನೂ ಹಾಗೆ ಕರೆಯುವುದಾದರೆ,
ನಿನ್ನ ಅಕ್ಕ

ತಾ.ಕ.: ಅಮ್ಮನ ಕಣ್ಣಿಗೂ ಕಾಣಲಿ ಎಂದು ಅಕ್ಷರ ಇಷ್ಟು ದಪ್ಪಗೆ ಬರೆದಿದ್ದೇನೆ. ಇದನ್ನು ಅವಳ ಕೈಗೆ ಕೊಡು, ಅವಳೇ ಓದಲಿ. ನೀನು ಓದಿ ಹೇಳಬೇಡ. ನೀನಾದರೆ ನಾನು ಚಪ್ಪಾಳೆ ತಟ್ಟಿದ ಭಾಗ ಬಿಟ್ಟು ಓದುತ್ತೀಯ.